ಹನ್ನೆರಡು ವರ್ಷದ ಹೂವು, ದಿನದಿನದ ಹಕ್ಕಿ

ಗಿರಿ ಹತ್ತಿ ಬಂದ ಯಾತ್ರಿಕ ಬಂಧುಗಳೇ,

ಮೆಟ್ಟಿಲು ಹತ್ತಿ ದಣಿದಿದ್ದೀರಿ. ಸ್ವಾಮಿಯ ದರ್ಶನ ಆಯಿತು, ತೀರ್ಥ ಪ್ರಸಾದ ಆಯಿತು. ಈಗ ಒಂದು ಕಲ್ಲಿನ ಮೇಲೆ ಕೂತು ಗಾಳಿಗೆ ಮುಖ ಕೊಡಿ. ಕೆಳಗೆ ಇಳಿಯೋಕೆ ಇನ್ನೂ ಹೊತ್ತಿದೆ. ಅಷ್ಟರೊಳಗೆ ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ. ಉತ್ತರ ನನಗೂ ಪೂರ್ತಿ ಗೊತ್ತಿಲ್ಲ. ಆದರೆ ಈ ಪ್ರಶ್ನೆ ನನ್ನನ್ನು ಕೆಲವು ವರ್ಷಗಳಿಂದ ಬಿಟ್ಟಿಲ್ಲ.

ಅಪರೂಪಕ್ಕೆ ಸಿಗುವುದು ದೊಡ್ಡದೋ, ದಿನವೂ ಸಿಗುವುದು ದೊಡ್ಡದೋ?

ಇದೇನು ಮಹಾ ಪ್ರಶ್ನೆ ಅಂತ ನಗಬೇಡಿ. ನಮ್ಮ ಸಂಸಾರ, ನಮ್ಮ ಭಕ್ತಿ, ನಮ್ಮ ಪ್ರೀತಿ ಎಲ್ಲ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ ಅಂತ ನನಗೆ ಅನ್ನಿಸುತ್ತದೆ. ಸುಮ್ಮನೆ ಗಾಳಿಯಲ್ಲಿ ಮಾತಾಡೋದು ಬೇಡ. ನೀವು ಕೂತಿರುವ ಈ ಚಂದ್ರದ್ರೋಣ ಪರ್ವತದಲ್ಲೇ ಇರುವ ಎರಡು ಜೀವಗಳನ್ನು ಎದುರಿಗಿಟ್ಟುಕೊಂಡು ನೋಡೋಣ. ಒಂದು ಹೂವಿನ ಗಿಡ. ಇನ್ನೊಂದು ಹಾಡುವ ಹಕ್ಕಿ.

ಮೊದಲು ಹೂವು

ನೀಲಕುರಿಂಜಿಯ ಹೆಸರು ಕೇಳದವರು ಈಗ ಯಾರೂ ಇಲ್ಲ. ಕನ್ನಡದ ಹಳಬರು ಇದನ್ನು ಗುರಿಗೆ ಅಂತಾರೆ. ಗುರಿಗೆಯಲ್ಲೂ ಹಲವು ಬಗೆ ಇವೆ. ಕೆಲವು ಬೇಗ ಬೇಗ ಹೂ ಬಿಡುತ್ತವೆ, ಕೆಲವು ಏಳು ವರ್ಷಕ್ಕೆ, ಹೆಸರಾದ ನೀಲಕುರಿಂಜಿ 12 ವರ್ಷಕ್ಕೊಮ್ಮೆ. ನೋಡೋಕೆ ಸಾಮಾನ್ಯ ಪೊದೆ. ಬಯಲು ಗುಡ್ಡದಲ್ಲಿ ಮೊಣಕಾಲುದ್ದ, ಸೊಂಟದುದ್ದ ಬೆಳೆಯುತ್ತದೆ. ಹನ್ನೊಂದು ವರ್ಷ ನೀವು ಅದರ ಪಕ್ಕದಲ್ಲೇ ನಡೆದು ಹೋದರೂ ತಿರುಗಿ ನೋಡೋದಿಲ್ಲ. ಹನ್ನೆರಡನೇ ವರ್ಷ ಮಳೆ ಇಳಿಯುವ ಹೊತ್ತಿಗೆ ಇಡೀ ಗುಡ್ಡ ಒಟ್ಟಿಗೆ ಅರಳುತ್ತದೆ. ಮುನ್ನಾರಿನ ಗುಡ್ಡಗಳಲ್ಲಿ 1994, 2006, 2018 ಹೀಗೆ ಲೆಕ್ಕ ತಪ್ಪದೆ ಅರಳಿದೆ. ನಮ್ಮ ಈ ಗಿರಿಗಳ ಇಳಿಜಾರು 2022ರ ಸೆಪ್ಟೆಂಬರ್ ಹೊತ್ತಿಗೆ ನೀಲಿಯಾಗಿತ್ತು.

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಈ ಗಿಡ ಹೂ ಬಿಡೋದು ಆಯುಸ್ಸಿನಲ್ಲಿ ಒಂದೇ ಸಲ. ಹೂ ಬಿಟ್ಟು, ಬೀಜ ಕಟ್ಟಿ, ಬೀಜ ಉದುರಿಸಿ ಗಿಡ ಒಣಗಿ ಸಾಯುತ್ತದೆ. ಮುಂದಿನ ಮಳೆಗೆ ಆ ಬೀಜದಿಂದ ಹೊಸ ಸಸಿ ಏಳಬೇಕು. ಮತ್ತೆ 12 ವರ್ಷ ಕಾಯಬೇಕು. ಎಲ್ಲ ಗಿಡಗಳೂ ಯಾಕೆ ಒಟ್ಟಿಗೆ ಅರಳುತ್ತವೆ ಅನ್ನೋದಕ್ಕೆ ಬಲ್ಲವರು ಕೊಡುವ ಒಂದು ವಿವರಣೆ ಇದು: ಬೀಜ ತಿನ್ನುವ ಹುಳುಹುಪ್ಪಟೆ ಹೊಟ್ಟೆ ತುಂಬಾ ತಿಂದರೂ ಮಿಕ್ಕು ಉಳಿಯುವಷ್ಟು ಬೀಜ ಒಂದೇ ಸಲಕ್ಕೆ ಬೀಳಲಿ ಅಂತ.

ಪಳನಿ ಬೆಟ್ಟದ ಕಡೆಯ ಕಾಡುಜನ ಕುರಿಂಜಿ ಅರಳಿದ ಲೆಕ್ಕದಲ್ಲಿ ತಮ್ಮ ವಯಸ್ಸು ಹೇಳುತ್ತಿದ್ದರಂತೆ. ತಮಿಳಿನ ಹಳೆಯ ಕಾವ್ಯದಲ್ಲಿ ಬೆಟ್ಟಸೀಮೆಗೇ ಕುರಿಂಜಿ ಅಂತ ಹೆಸರು, ಅದರ ದೇವರು ಮುರುಗ. ನಾವು ಸುಬ್ರಹ್ಮಣ್ಯ ಅಂತ ಕೈಮುಗಿಯುವ ಅದೇ ಸ್ವಾಮಿ. ಕೊಡೈಕೆನಾಲಿನಲ್ಲಿ ಕುರಿಂಜಿಯ ಹೆಸರಿನಲ್ಲೇ ಮುರುಗನ ಗುಡಿ ಇದೆ. ಹೂವಿಗೂ ಬೆಟ್ಟದ ದೇವರಿಗೂ ಅಷ್ಟು ಹಳೆಯ ನಂಟು.

ಇಂಥ ಹೂವಿಗೆ ಈಗ ಕಷ್ಟಕಾಲ. 2024ರಲ್ಲಿ ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ ನೀಲಕುರಿಂಜಿಯನ್ನು ತನ್ನ ಕೆಂಪು ಪಟ್ಟಿಯಲ್ಲಿ ಅಳಿವಿನ ಅಪಾಯವಿರುವ ಸಸ್ಯ ಅಂತ ಸೇರಿಸಿತು. ಅದು ಬೆಳೆಯುವ ಎತ್ತರದ ಹುಲ್ಲುಗುಡ್ಡಗಳು ಟೀ ತೋಟವಾದವು, ನೀಲಗಿರಿ ಮರದ ನೆಡುತೋಪಾದವು, ಅಕೇಶಿಯಾ ಹಬ್ಬಿತು, ರಸ್ತೆ ಕಟ್ಟಡ ಎದ್ದವು. ಗಿಡಕ್ಕೆ ನಿಲ್ಲೋಕೆ ನೆಲ ಕಡಿಮೆಯಾಯಿತು.

ಇನ್ನು ಹಕ್ಕಿ

ಈ ಹಕ್ಕಿಯ ವಿಷಯ ಪೇಪರಿನಲ್ಲಿ ಬರೋದಿಲ್ಲ. ಪಕ್ಷಿ ಪುಸ್ತಕಗಳಲ್ಲಿ ಸಿಳ್ಳಾರ ಅಂತ ಬರೆಯುತ್ತಾರೆ. ನಮ್ಮ ಮನೆಯಲ್ಲಿ ಸಿಳ್ಳೆ ಹಕ್ಕಿ ಅಂತಿದ್ದೆವು. ಪಶ್ಚಿಮ ಘಟ್ಟದ ಉದ್ದಕ್ಕೂ ಹಳ್ಳ, ತೊರೆ, ಜಲಪಾತ ಇರುವ ಕಡೆಯೆಲ್ಲ ಇದೆ. ಗೊರವಂಕಕ್ಕಿಂತ ಕೊಂಚ ದೊಡ್ಡದು. ದೂರದಿಂದ ಕಪ್ಪು ಹಕ್ಕಿ. ಬಿಸಿಲು ಬಿದ್ದಾಗ ಮಾತ್ರ ಹಣೆ ಮತ್ತು ಭುಜದ ಮೇಲೆ ನೀಲಿ ಮಿಂಚುತ್ತದೆ, ಯಾರೋ ನೀಲಿ ರೇಷ್ಮೆಯ ತುಂಡು ಹೊಲಿದ ಹಾಗೆ. ಹಳ್ಳದ ಕಲ್ಲುಸಂದಿಯಲ್ಲಿ ಹುಳು, ಎರೆಹುಳು, ಏಡಿ, ಕಪ್ಪೆ ಹುಡುಕಿ ತಿನ್ನುತ್ತದೆ, ಕಾಡುಹಣ್ಣನ್ನೂ ಬಿಡೋದಿಲ್ಲ. ಬಂಡೆಯ ಬಿರುಕಿನಲ್ಲಿ, ಸೇತುವೆಯ ಅಡಿಯಲ್ಲಿ, ಕೆಲವು ಸಲ ನಮ್ಮ ಮನೆಯ ಸೂರಿನ ಸಂದಿಯಲ್ಲೇ ಗೂಡು ಕಟ್ಟುತ್ತದೆ.

ಹಾಡೋದು ಹೆಚ್ಚಾಗಿ ಬೆಳಗಿನ ಜಾವ, ಇನ್ನೂ ಕತ್ತಲಿರುವಾಗ. ಮನುಷ್ಯರೇ ಸಿಳ್ಳೆ ಹಾಕಿದಂತೆ ಇರುತ್ತದೆ. ಹಾಡು ಗೊತ್ತಿದ್ದೂ ಮಧ್ಯೆ ಮರೆತು, ಮತ್ತೆ ಎಲ್ಲಿಂದಲೋ ಎತ್ತಿಕೊಂಡು, ಬೇಕಾದ ಕಡೆ ತಿರುಗಿಸಿಕೊಂಡು ಹೋದ ಹಾಗೆ. ಇಂಗ್ಲಿಷಿನವರು ಇದಕ್ಕೆ ಸಿಳ್ಳೆ ಹೊಡೆಯುವ ಶಾಲೆ ಹುಡುಗ ಅಂತ ಹೆಸರಿಟ್ಟಿದ್ದಾರೆ. ಮಳೆಗಾಲದಲ್ಲಿ ಹಳ್ಳ ಭೋರ್ಗರೆಯುವಾಗಲೂ ಆ ಸದ್ದಿನ ಮೇಲೆ ಇದರ ಸಿಳ್ಳೆ ಕೇಳುತ್ತದೆ. ಕೆಂಪು ಪಟ್ಟಿಯವರು ಈ ಹಕ್ಕಿಗೆ ಸದ್ಯಕ್ಕೆ ಅಪಾಯವಿಲ್ಲ ಅಂತ ಬರೆದಿದ್ದಾರೆ. ಅಂದರೆ ಸಾಮಾನ್ಯ ಹಕ್ಕಿ. ಅದನ್ನು ನೋಡೋಕೆ ಅಂತ ಯಾರೂ ಕಾರು ಮಾಡಿಕೊಂಡು ಬರೋದಿಲ್ಲ.

ಹೂವು 12 ವರ್ಷಕ್ಕೊಮ್ಮೆ, ಹಾಡು ಹತ್ತಿರಹತ್ತಿರ ದಿನವೂ. ಯಾವುದು ದೊಡ್ಡದು?

ನನ್ನ ತಪ್ಪು

ಇಲ್ಲಿ ನಾನು ನನ್ನದೇ ಒಂದು ಕಥೆ ಹೇಳಬೇಕು. ಹೇಳೋಕೆ ನಾಚಿಕೆ ಆಗುತ್ತದೆ, ಆದರೂ ದೇವರ ಸನ್ನಿಧಿಯ ಪುಸ್ತಕದಲ್ಲಿ ಬಚ್ಚಿಟ್ಟು ಏನು ಪ್ರಯೋಜನ.

ನಾನು ಪ್ರೈಮರಿ ಶಾಲೆಯಲ್ಲಿ ಮೇಷ್ಟರಾಗಿದ್ದವನು. ನಮ್ಮ ತಾಯಿ ಹುಟ್ಟಿ ಬೆಳೆದದ್ದು ಈ ಗಿರಿಯ ಬುಡದ ಒಂದು ಸಣ್ಣ ಊರು. ಕಾಫಿ ತೋಟದ ಕೆಲಸ. ಹಿತ್ತಲಲ್ಲೇ ಹಳ್ಳ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಒಲೆ ಹೊತ್ತಿಸುತ್ತಿದ್ದರು. ನಾವು ಮಕ್ಕಳು ಕಂಬಳಿಯೊಳಗೆ ಮುದುರಿ ಮಲಗಿರುತ್ತಿದ್ದೆವು. ಒಲೆಯ ಹೊಗೆ, ಅಮ್ಮನ ಬಳೆಯ ಸದ್ದು, ಹಿತ್ತಲಿನಿಂದ ಸಿಳ್ಳೆ ಹಕ್ಕಿ. ಮೂರೂ ಒಟ್ಟಿಗೇ ಬರುತ್ತಿದ್ದವು. ನನಗೆ ಆಗ ಅವು ಬೇರೆ ಬೇರೆ ಅಂತ ಗೊತ್ತೇ ಇರಲಿಲ್ಲ.

2022ರಲ್ಲಿ ಹೂವು ಅರಳಿದ ಸುದ್ದಿ ಟಿವಿಯಲ್ಲಿ ಬಂತು. ಮಗ, ಸೊಸೆ, ಮೊಮ್ಮಕ್ಕಳು ಎಲ್ಲ ಹೊರಟೆವು. ಅಮ್ಮನಿಗೆ ಆಗ 86 ವರ್ಷ, ಮಂಡಿ ನೋವು, ಹಾಸಿಗೆ ಹಿಡಿದಿದ್ದರು. ಅವರನ್ನು ಕರೆದುಕೊಂಡು ಹೋಗುವ ಹಾಗಿರಲಿಲ್ಲ. ಗಿರಿಯಲ್ಲಿ ಜಾತ್ರೆಯೋ ಜಾತ್ರೆ. ರಸ್ತೆಯ ತುಂಬಾ ವಾಹನ, ಹಾರನ್ನು, ಹಾಡು. ಜನ ಗಿಡ ತುಳಿದುಕೊಂಡು ಒಳಗೆ ನುಗ್ಗಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾವೂ ನುಗ್ಗಿದೆವು. ಬರುವಾಗ ಯಾರೂ ನೋಡದ ಕಡೆ ನಾನು ಒಂದು ಕೈತುಂಬಾ ಹೂವಿನ ಕೊಂಬೆ ಮುರಿದುಕೊಂಡೆ. ಅಮ್ಮನಿಗೆ ತೋರಿಸಬೇಕು ಅಂತ. ಒಳ್ಳೆಯ ಉದ್ದೇಶ ತಾನೇ ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಮನೆಗೆ ಬರುವಷ್ಟರಲ್ಲಿ ಹೂವು ಬಾಡಿ ಕಪ್ಪಾಗಿತ್ತು. ಅಮ್ಮ ಅದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದರು. "ಇದನ್ನ ಯಾಕೋ ಕಿತ್ಕೊಂಡು ಬಂದೆ? ಹನ್ನೆರಡು ವರ್ಷ ಕಾದಿತ್ತಲ್ಲೋ ಪಾಪ" ಅಂದರು. ನಾನು ಸುಮ್ಮನಿದ್ದೆ. ಆಮೇಲೆ ಅವರೇ, "ಹೋಗ್ಲಿ ಬಿಡು. ಸಿಳ್ಳೆ ಹಕ್ಕಿ ಇನ್ನೂ ಕೂಗ್ತದಾ ಅಲ್ಲಿ?" ಅಂತ ಕೇಳಿದರು.

ನಾನು ಕೇಳಿಸಿಕೊಂಡಿರಲಿಲ್ಲ. ಬೆಳಿಗ್ಗೆ ಆರಕ್ಕೇ ಗಿರಿಯಲ್ಲಿದ್ದೆ, ಅದೇ ಹಳ್ಳ ದಾಟಿ ಹೋಗಿದ್ದೆ. ಹಕ್ಕಿ ಕೂಗಿತ್ತೋ ಇಲ್ಲವೋ ನನಗೆ ಗೊತ್ತೇ ಇಲ್ಲ. "ಹೂಂ, ಕೂಗ್ತಿತ್ತು" ಅಂತ ಸುಳ್ಳು ಹೇಳಿದೆ. ಅಮ್ಮ ನಕ್ಕರು. ಆ ಸುಳ್ಳಿನಿಂದ ಅವರಿಗೆ ಸಂತೋಷ ಆಯಿತು. ಮುಂದಿನ ವರ್ಷ, 2023ರ ಬೇಸಿಗೆಯಲ್ಲಿ ತೀರಿಕೊಂಡರು.

ಮೂವತ್ತು ವರ್ಷ ಮಕ್ಕಳಿಗೆ "ಹಿತ್ತಲ ಗಿಡ ಮದ್ದಲ್ಲ" ಅನ್ನೋ ಗಾದೆಯನ್ನು ವಿಸ್ತರಿಸಿ ಬರೆಯಿರಿ ಅಂತ ಪರೀಕ್ಷೆಗೆ ಕೊಟ್ಟವನು ನಾನು. ಐದಕ್ಕೆ ನಾಲ್ಕು ಮಾರ್ಕು ಹಾಕುತ್ತಿದ್ದೆ. ಗಾದೆಯ ಅರ್ಥ ಮಾತ್ರ ನನಗೆ ಆಗಿದ್ದು ಆ ಸಂಜೆ.

ವಾದ ಪ್ರತಿವಾದ

ಹಾಗಾದರೆ ಹಕ್ಕಿಯೇ ದೊಡ್ಡದು, ಹೂವಿನ ಮೋಹ ಬರೀ ಮರುಳು ಅಂತ ತೀರ್ಮಾನ ಮಾಡಿಬಿಡಬಹುದಾ? ನಾನೂ ಕೆಲವು ತಿಂಗಳು ಹಾಗೇ ಅಂದುಕೊಂಡಿದ್ದೆ. ಅದು ಸರಿಯಲ್ಲ. ಯಾಕೆಂದರೆ ಅಪರೂಪದ್ದಕ್ಕೆ ನ್ಯಾಯವಾಗಿ ಸಲ್ಲಬೇಕಾದ ಒಂದು ಗೌರವ ಇದೆ. ಅದು ಹೋದರೆ ಮತ್ತೆ ಬರೋದಿಲ್ಲ. ಒಬ್ಬ ಮನುಷ್ಯ 72 ವರ್ಷ ಬದುಕಿದರೆ ಅವನ ಪಾಲಿಗೆ ಬರುವುದು ಆರೇ ಕುರಿಂಜಿ. ಒಂದು ಕೂಸಿಗೆ, ಒಂದು ಮುದಿತನಕ್ಕೆ ಅಂತ ಕಳೆದರೆ ಕಣ್ಣು ತುಂಬಾ ನೋಡಲು ಸಿಗುವುದು ನಾಲ್ಕು. ಅದಕ್ಕಾಗಿ ಜನ ಓಡಿ ಬಂದರೆ ತಪ್ಪೇನು?

ನಮ್ಮ ಹಿರಿಯರೂ ಇದನ್ನು ಬಲ್ಲವರೇ. ಶ್ರವಣಬೆಳಗೊಳದ ಬಾಹುಬಲಿ ಸ್ವಾಮಿಗೆ ಮಹಾಮಸ್ತಕಾಭಿಷೇಕ ಸುಮಾರು 12 ವರ್ಷಕ್ಕೊಮ್ಮೆ. ಕಾಕತಾಳೀಯ ನೋಡಿ, ಈಚಿನ ಎರಡು ಅಭಿಷೇಕ ನಡೆದದ್ದು 2006 ಮತ್ತು 2018ರಲ್ಲಿ, ಮುನ್ನಾರಿನಲ್ಲಿ ಕುರಿಂಜಿ ಅರಳಿದ ವರ್ಷಗಳಲ್ಲೇ. ಆ ಮೂರ್ತಿಯ ನೆತ್ತಿಯಿಂದ ಹಾಲು ಅರಿಶಿನ ಇಳಿಯೋದನ್ನು ನೋಡಲು ಲಕ್ಷಾಂತರ ಜನ ಸೇರುತ್ತಾರೆ. ಆದರೆ ಮಧ್ಯದ ವರ್ಷಗಳಲ್ಲಿ ಏನಾಗುತ್ತದೆ? ದಿನವೂ ಒಬ್ಬರು ಬೆಟ್ಟ ಹತ್ತಿ ಹೋಗಿ ಆ ಪಾದಗಳಿಗೆ ಪೂಜೆ ಮಾಡುತ್ತಾರೆ. ಕ್ಯಾಮರಾ ಇಲ್ಲ, ಕಲಶದ ಹರಾಜಿಲ್ಲ. ಆ ದಿನದ ಪಾದಪೂಜೆ ನಿಂತಿದ್ದರೆ ಹನ್ನೆರಡು ವರ್ಷದ ಅಭಿಷೇಕಕ್ಕೆ ಅರ್ಥವೇ ಇರುತ್ತಿರಲಿಲ್ಲ. ನೆತ್ತಿಯ ಅಭಿಷೇಕವೂ ಬೇಕು, ಪಾದದ ಪೂಜೆಯೂ ಬೇಕು.

ಇನ್ನೊಂದು ವಾದ ಇದೆ. ಸಾಮಾನ್ಯ ಹಕ್ಕಿ ತನ್ನನ್ನು ತಾನೇ ನೋಡಿಕೊಳ್ಳುತ್ತದೆ, ನಮ್ಮ ಕಾಳಜಿಯೆಲ್ಲ ಅಳಿಯುವ ಗಿಡಕ್ಕೇ ಇರಲಿ ಅಂತ. ಕೇಳೋಕೆ ಸರಿಯಾಗಿದೆ. ಆದರೆ ಜಟಾಯುವಿನ ವಂಶದ ಕಥೆ ನೆನಪು ಮಾಡಿಕೊಳ್ಳಿ. ನಾನು ಚಿಕ್ಕವನಿದ್ದಾಗ ಊರಾಚೆ ಸತ್ತ ದನ ಬಿದ್ದರೆ ರಣಹದ್ದುಗಳ ಹಿಂಡೇ ಇಳಿಯುತ್ತಿತ್ತು. ಇಡೀ ದೇಶದಲ್ಲೇ ಅತಿ ಸಾಮಾನ್ಯ ಹಕ್ಕಿ. ಯಾರೂ ಲೆಕ್ಕಕ್ಕೇ ಇಟ್ಟುಕೊಂಡಿರಲಿಲ್ಲ, ಕಂಡರೆ ಮುಖ ತಿರುಗಿಸುತ್ತಿದ್ದೆವು. 1990ರ ದಶಕದಲ್ಲಿ ಅವು ಸದ್ದಿಲ್ಲದೆ ಬೀಳತೊಡಗಿದವು. ದನಗಳಿಗೆ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿ, ಸತ್ತ ದನದ ಮಾಂಸದ ಮೂಲಕ ಹದ್ದಿನ ಮೂತ್ರಪಿಂಡ ಕೆಡಿಸುತ್ತಿತ್ತು. ಕಾರಣ ತಿಳಿದದ್ದು 2004ರ ಹೊತ್ತಿಗೆ. 2006ರಲ್ಲಿ ಸರ್ಕಾರ ಪಶುಗಳಿಗೆ ಆ ಔಷಧಿ ಕೊಡೋದನ್ನು ನಿಷೇಧಿಸಿತು. ಅಷ್ಟರಲ್ಲಿ ಬಿಳಿ ಬೆನ್ನಿನ ರಣಹದ್ದು ದೇಶದಲ್ಲಿ 100ಕ್ಕೆ 99ಕ್ಕೂ ಹೆಚ್ಚು ಪಾಲು ಇಲ್ಲವಾಗಿತ್ತು. ಇವತ್ತು ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದ ಉದ್ದ ಕೊಕ್ಕಿನ ರಣಹದ್ದುಗಳಿಗಾಗಿ 2012ರಲ್ಲಿ ಘೋಷಿಸಿದ ಧಾಮ ಇದೆ. ರಾಮನ ಗುಡಿಯ ಬೆಟ್ಟದಲ್ಲಿ ಜಟಾಯುವಿನ ಬಂಧುಗಳನ್ನು ಕಾಯುವ ಕಾಲ ಬಂತು.

ಸಾಮಾನ್ಯ ಅನ್ನೋದು ಆ ಜೀವದ ಗುಣವಲ್ಲ ಅಂತ ಇದರಿಂದ ನನಗೆ ತಿಳಿಯಿತು. ಅದು ನಮ್ಮ ಕಾಲದ ಒಂದು ಲೆಕ್ಕ ಅಷ್ಟೇ. ಲೆಕ್ಕ ಹತ್ತು ಹದಿನೈದು ವರ್ಷದಲ್ಲಿ ತಲೆಕೆಳಗಾಗಬಹುದು. ಹೂವಿನ ವಿಷಯವೂ ಹಾಗೇ. ಅರಳಿದ ವರ್ಷ ಕುರಿಂಜಿ ಗುಡ್ಡದ ತುಂಬಾ ಇರುತ್ತದೆ, ಲೆಕ್ಕ ಹಾಕೋಕಾಗದಷ್ಟು. ಅಷ್ಟೊಂದಿದೆಯಲ್ಲ, ಒಂದು ಕೊಂಬೆ ಮುರಿದರೆ ಏನಾಯಿತು ಅಂತ ನನಗೆ ಅನ್ನಿಸಿದ್ದು ಆ ಕಾರಣಕ್ಕೇ. ಆದರೆ ನಾನು ಮುರಿದ ಗಿಡಕ್ಕೆ ಮುಂದಿನ ವರ್ಷ ಅನ್ನೋದು ಇರಲಿಲ್ಲ. ಅದು ತನ್ನ ಆಯುಸ್ಸನ್ನೆಲ್ಲ ಕೂಡಿಟ್ಟು ತೆರೆದ ಒಂದೇ ಬುತ್ತಿಯನ್ನು ನಾನು ಎತ್ತಿಕೊಂಡು ಬಂದಿದ್ದೆ.

ನಡುವೆ ಹರಿಯುವ ನೀರು

ಈಗ ಕೂತ ಕಡೆಯಿಂದ ಕೆಳಗೆ ನೋಡಿ. ಗಿರಿಯ ನೆತ್ತಿಯಲ್ಲಿ ಬರೀ ಹುಲ್ಲು, ಪೊದೆ. ಅದರ ಮಡಿಲುಗಳಲ್ಲಿ ದಟ್ಟನೆಯ ಕುಳ್ಳು ಕಾಡು, ನಾವು ಶೋಲಾ ಕಾಡು ಅನ್ನುತ್ತೇವೆ. ಮಳೆಯ ನೀರನ್ನು ಹುಲ್ಲೂ ಶೋಲೆಯೂ ಸ್ಪಂಜಿನ ಹಾಗೆ ಹೀರಿ ಹಿಡಿದು ನಿಧಾನಕ್ಕೆ ಬಿಡುತ್ತವೆ. ಮಳೆ ನಿಂತ ಮೇಲೂ ಹಳ್ಳ ಹರಿಯೋದು ಅದರಿಂದಲೇ. ಈ ಗಿರಿಸಾಲಿನಲ್ಲಿ ಹುಟ್ಟಿದ ವೇದಾ ಮತ್ತು ಅವತಿ ಹಳ್ಳಗಳು ಕಡೂರಿನ ಬಳಿ ಸೇರಿ ವೇದಾವತಿ ಹೊಳೆಯಾಗಿ ಬಯಲುಸೀಮೆಗೆ ಹೋಗುತ್ತವೆ.

ಕುರಿಂಜಿ ಇರೋದು ಮೇಲಿನ ಆ ಹುಲ್ಲುಗುಡ್ಡದಲ್ಲಿ. ಸಿಳ್ಳೆ ಹಕ್ಕಿ ಇರೋದು ಕೆಳಗಿನ ಹಳ್ಳದಲ್ಲಿ. ಮೇಲಿನ ಗುಡ್ಡ ಬೋಳಾದರೆ ಹಳ್ಳ ಬೇಸಿಗೆಗೆ ಮುಂಚೆ ಬತ್ತುತ್ತದೆ. ಹಳ್ಳ ಬತ್ತಿದರೆ ಏಡಿ ಇಲ್ಲ, ಕಪ್ಪೆ ಇಲ್ಲ, ಹಕ್ಕಿಗೆ ಊಟ ಇಲ್ಲ. ಅಂದರೆ ಅಪರೂಪದ ಹೂವಿನ ಮನೆ ಕಾಯ್ದರೆ ಸಾಮಾನ್ಯ ಹಕ್ಕಿಯ ಹಾಡೂ ಉಳಿಯುತ್ತದೆ. ನಾನು ಇವೆರಡನ್ನೂ ತಕ್ಕಡಿಯ ಎರಡು ತಟ್ಟೆಗೆ ಹಾಕಿ ಯಾವುದು ತೂಕ ಅಂತ ಕೇಳಿದ್ದೆ. ಅವು ಒಂದೇ ನೀರಿನ ಮೇಲಿನ ತುದಿ, ಕೆಳಗಿನ ತುದಿ.

ಹಾಗಾದರೆ ನಮ್ಮ ಧರ್ಮ ಏನು?

ನನಗೆ ತಿಳಿದಷ್ಟು ಹೇಳುತ್ತೇನೆ, ಬಲ್ಲವರು ತಿದ್ದಲಿ. ಎರಡಕ್ಕೂ ನಾವು ಋಣಿಗಳು. ಆದರೆ ತೀರಿಸುವ ರೀತಿ ಬೇರೆ ಬೇರೆ. ಅಪರೂಪದ್ದಕ್ಕೆ ಕೊಡಬೇಕಾದದ್ದು ಕೈಯ ಸಂಯಮ. ನೋಡು, ಮುಟ್ಟಬೇಡ, ದೂರದಿಂದ ಕೈಮುಗಿದು ಬಾ. ದಿನದ್ದಕ್ಕೆ ಕೊಡಬೇಕಾದದ್ದು ಕಿವಿ. ನಿಂತು ಕೇಳು, ಇದೆ ಅಂತ ತಿಳಿದುಕೋ, ಇವತ್ತೂ ಬಂದೆಯಲ್ಲ ಅಂತ ಮನಸ್ಸಿನಲ್ಲಾದರೂ ಹೇಳು.

ನಾವು ಮಾಡೋದು ತದ್ವಿರುದ್ಧ. ಅಪರೂಪದ್ದಕ್ಕೆ ಕೈ ಹಾಕುತ್ತೇವೆ, ದಿನದ್ದಕ್ಕೆ ಕಿವಿ ಮುಚ್ಚುತ್ತೇವೆ. ಮನೆಯಲ್ಲೂ ಇದೇ ಕಥೆ. ವರ್ಷಕ್ಕೊಮ್ಮೆ ಬರುವ ನೆಂಟರಿಗೆ ಹೋಳಿಗೆ, ಉಪಚಾರ. ದಿನವೂ ನಾಲ್ಕೂವರೆಗೆ ಏಳುವವರಿಗೆ ಒಂದು ಮಾತಿಲ್ಲ. ನಾನು ಅಮ್ಮನಿಗೆ ಅಪರೂಪದ ಹೂವು ತಂದುಕೊಟ್ಟೆ. ಅವರು ಬಯಸಿದ್ದು ದಿನದ ಹಕ್ಕಿಯ ಸುದ್ದಿ. ಅರವತ್ತು ವರ್ಷ ಅವರ ಜೊತೆಗಿದ್ದೂ ಅದು ನನಗೆ ತಿಳಿದಿರಲಿಲ್ಲ ಅಂದರೆ, ನಾನು ಕೇಳಿಸಿಕೊಳ್ಳದೇ ಹೋದದ್ದು ಬರೀ ಹಕ್ಕಿಯನ್ನಲ್ಲ.

ಕಾನೂನು ಅಂತೂ ಇದೆ. ವನ್ಯಜೀವಿ ಕಾಯ್ದೆಯ ತಿದ್ದುಪಡಿಯಾದ ಮೇಲೆ ನೀಲಕುರಿಂಜಿ ಈಗ ರಕ್ಷಿತ ಸಸ್ಯಗಳ ಪಟ್ಟಿಯಲ್ಲಿದೆ. ಕಿತ್ತರೆ ಶಿಕ್ಷೆ ಉಂಟು. ಆದರೆ ಗುಡ್ಡದ ಪ್ರತಿ ಪೊದೆಗೂ ಒಬ್ಬ ಗಾರ್ಡ್ ನಿಲ್ಲಿಸೋಕಾಗುತ್ತಾ? ನಾನು ಮುರಿದಾಗ ಯಾರೂ ನೋಡಿರಲಿಲ್ಲ. ಕೈಯನ್ನು ಅವರವರೇ ಕಾಯಬೇಕು. ಇನ್ನು ಹಕ್ಕಿಯ ಹಾಡನ್ನು ಕೇಳಿ ಅಂತ ಯಾವ ಕಾನೂನೂ ಹೇಳೋಕಾಗೋದಿಲ್ಲ.

ಆದ್ದರಿಂದ ಯಾತ್ರಿಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಗಿಡ ಅರಳಿದ ವರ್ಷ ಬನ್ನಿ, ಮಕ್ಕಳನ್ನೂ ಕರೆತನ್ನಿ, ದಾರಿಯ ಮೇಲೇ ನಿಂತು ನೋಡಿ. ಅರಳದ ವರ್ಷಗಳಲ್ಲೂ ಬನ್ನಿ. ಆ ಒಣ ಪೊದೆಗಳನ್ನು ಬರೀ ಕಸ ಅಂದುಕೊಂಡು ತುಳಿಯಬೇಡಿ, ಒಳಗೆ ಲೆಕ್ಕ ನಡೆದಿರುತ್ತದೆ. ಹಳ್ಳಕ್ಕೆ ಪ್ಲಾಸ್ಟಿಕ್, ಸೋಪು, ಊಟದ ತಟ್ಟೆ ಎಸೆಯಬೇಡಿ, ಅದು ಯಾರದೋ ಅಡುಗೆಮನೆ. ಬೆಳಿಗ್ಗೆ ಬೇಗ ಬರುವವರು ತಿರುವಿನಲ್ಲಿ ಹಾರನ್ ಹೊಡೆದು ಮುಂದೆ ಹೋಗುವ ಬದಲು ಹಳ್ಳದ ಹತ್ತಿರ ಐದು ನಿಮಿಷ ಇಂಜಿನ್ ಆಫ್ ಮಾಡಿ ನಿಲ್ಲಿ.

ನಾನು ಈಗ ವರ್ಷಕ್ಕೆ ಮೂರು ನಾಲ್ಕು ಸಲ ಹಾಗೆ ಬಂದು ನಿಲ್ಲುತ್ತೇನೆ, ಹೆಚ್ಚಾಗಿ ಮಳೆಗಾಲದಲ್ಲಿ. ಕೆಲವು ದಿನ ಮಂಜು, ಏನೂ ಕೇಳೋದಿಲ್ಲ. ಕೆಲವು ದಿನ ಕತ್ತಲೊಳಗಿಂದ ಸಿಳ್ಳೆ ಏಳುತ್ತದೆ, ಅರ್ಧಕ್ಕೆ ನಿಲ್ಲುತ್ತದೆ, ಮತ್ತೆ ಏಳುತ್ತದೆ. ಆಗ "ಕೂಗ್ತಾ ಇದೆ ಅಮ್ಮ" ಅಂತ ಹೇಳುತ್ತೇನೆ. ಅಂದು ಹೇಳಿದ ಸುಳ್ಳು ಈಗ ನಿಜವಾಗುತ್ತಿದೆ. ತಡವಾಯಿತು, ಗೊತ್ತು. 2022ಕ್ಕೆ 12 ಸೇರಿಸಿದರೆ 2034. ಅಷ್ಟು ದಿನ ಇರುತ್ತೇನೋ ಇಲ್ಲವೋ ಸ್ವಾಮಿಗೇ ಗೊತ್ತು. ಇದ್ದರೆ ಬಂದು, ಕೈಗಳನ್ನು ಹಿಂದೆ ಕಟ್ಟಿಕೊಂಡು ನೋಡುತ್ತೇನೆ.

ನಿಮ್ಮ ಯಾತ್ರೆ ಸುಖವಾಗಲಿ. ಇಳಿಯುವಾಗ ಮೆಟ್ಟಿಲು ಜಾರುತ್ತದೆ, ನಿಧಾನ. ಮನೆಗೆ ಹೋದ ಮೇಲೆ, ನಾಳೆ ಬೆಳಿಗ್ಗೆ ನಿಮಗಿಂತ ಮೊದಲು ಏಳುವವರು ಯಾರಿದ್ದಾರೋ ಅವರ ಸದ್ದನ್ನು ಒಂದು ಗಳಿಗೆ ಮಲಗಿದ್ದಲ್ಲೇ ಕೇಳಿಸಿಕೊಳ್ಳಿ. ಆಮೇಲೆ ಎದ್ದು ಹೋಗಿ ಒಂದು ಮಾತಾಡಿ.